ಬೆನ್ನು ಹತ್ತಿದ ಬೆಳ್ಳಿಚುಕ್ಕಿ

ಕಿತ್ತೂರು ಕೋಟೆಯೊಳಗಿನ ಪಾಳು ಅರಮನೆಯ ಗೋಡೆಯಲ್ಲಿ ಒಂದು ತೂತು ಇದೆ. ಗುಂಡು ಬಡಿದು ಆದದ್ದಲ್ಲ, ಕಾಲ ಕಳೆದಂತೆ ಕುಸಿದು ಆದದ್ದೂ ಅಲ್ಲ. ಧ್ರುವ ನಕ್ಷತ್ರ ನೋಡೋದಕ್ಕೆ ಅಂತಲೇ ಮಾಡಿದ್ದು. ಸೆಲ್ಫಿ ತೆಗೆಯೋ ಭರದಲ್ಲಿ ಎಷ್ಟೋ ಜನ ಅದನ್ನು ದಾಟಿಕೊಂಡೇ ಹೋಗಿಬಿಡ್ತಾರೆ. ನಾವು ಹೋದದ್ದು ಮಧ್ಯಾಹ್ನ. ಕಣ್ಣಿಟ್ಟು ನೋಡಿದರೆ ಬಿಲ್ಲೆಯಷ್ಟಗಲ ನೀಲಿ ಆಕಾಶ, ಅಷ್ಟೇ.

ಆದರೂ ನಾನು ಅಲ್ಲಿ ಹತ್ತು ನಿಮಿಷ ನಿಂತೆ. ಕಿತ್ತೂರು ಇರೋದು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಯಾವ ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಧ್ರುವ ನಕ್ಷತ್ರ ಉತ್ತರದ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ ಕಾಣುತ್ತೆ. ಕೈ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಅಂದರೆ ಕಿತ್ತೂರಿನ ಧ್ರುವ ಒಂದೂವರೆ ಮುಷ್ಟಿ ಎತ್ತರದಲ್ಲಿ, ಬಹಳ ಕೆಳಗೆ. ಗೋಡೆಯ ತೂತು ಆ ಓರೆಗೆ ಸರಿಹೊಂದಬೇಕು. ಬೇರೆ ಚುಕ್ಕಿಗಳು ಆ ತೂತಿನೊಳಗೆ ಬಂದು ದಾಟಿ ಹೋಗುತ್ತವೆ, ಧ್ರುವ ಮಾತ್ರ ನಿಂತಿರುತ್ತೆ. ಯಾವುದು ಚಲಿಸ್ತಿದೆ, ಯಾವುದು ಇಲ್ಲ ಅಂತ ತಿಳಿಯೋದಕ್ಕೆ ಒಂದು ಅಲುಗದ ಗೋಡೆ, ಒಂದು ಅಲುಗದ ಕಣ್ಣು ಸಾಕು.

2012–13ರ ಸುಮಾರಿಗೆ ಲಡಾಖ್‌ನಲ್ಲಿ ನಮ್ಮ ಸೈನ್ಯಕ್ಕೆ ಬೇಕಾಗಿದ್ದದ್ದೂ ಇಂಥದ್ದೇ. ಆ ಕತೆ ತಲೆಯಲ್ಲಿಟ್ಟುಕೊಂಡೇ ನಾನು, ಗೆಳೆಯ ಇಬ್ಬರೂ ಈ ಪ್ರವಾಸ ಹೊರಟದ್ದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ನಕ್ಷೆಯಲ್ಲಿ ನೋಡಿದರೆ ಒಂದು ಮಧ್ಯಾಹ್ನ, ಒಂದು ರಾತ್ರಿಯ ದಾರಿ. 2025ರ ಜನವರಿ ಕೊನೆ, ಅಮಾವಾಸ್ಯೆ ಆಸುಪಾಸು. ವಾಟ್ಸ್ಆ್ಯಪ್ ತುಂಬ ‘ಗ್ರಹಗಳ ಮೆರವಣಿಗೆ’ ಫಾರ್ವರ್ಡ್‌ಗಳು ಓಡಾಡ್ತಿದ್ದವು, ನೆನಪಿದೆಯಾ? ಬೆಂಗಳೂರಿನ ಬಾಲ್ಕನಿಯಿಂದ ಮೆರವಣಿಗೆ ಏನು ಕಂಡೀತು. ರಾಮದುರ್ಗದಲ್ಲಿ ಗೆಳೆಯನ ಕಾಕಾ ಇದ್ದಾರೆ. ಸೈನ್ಯದಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ಲಡಾಖ್‌ನಲ್ಲಿ ಚಳಿಗಾಲ ಕಳೆದವರು. ಅವರ ಮಾಳಿಗೆಯ ಮೇಲೆ ರಾತ್ರಿ ಕೂತು ಆಕಾಶ ನೋಡೋದು ಅಂತ ಲೆಕ್ಕ.

ಬೈಲಹೊಂಗಲ ತಲುಪುವಾಗ ಹೊತ್ತು ಇಳಿದಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ, ಬ್ರಿಟಿಷರು ಸೋತರು. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಬಂದು ಕೋಟೆ ಹಿಡಿದರು. ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಈ ಬೈಲಹೊಂಗಲದಲ್ಲಿ. 1829ರಲ್ಲಿ ಆಕೆ ತೀರಿಕೊಂಡದ್ದೂ ಇಲ್ಲೇ, ಸಮಾಧಿಯೂ ಇಲ್ಲೇ. ರಾಯಣ್ಣನ ಸಂಗೊಳ್ಳಿ ಇದೇ ತಾಲ್ಲೂಕು. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ, ಸಾಂಬ್ರಾದಲ್ಲಿ ವಾಯುಪಡೆ. ಈ ಕಡೆ ಮಿಲಿಟರಿಗೆ ಹೋದವರು ಒಬ್ಬರೂ ಇಲ್ಲದ ಓಣಿ ಹುಡುಕೋದು ಕಷ್ಟ. ನಾವು ಚಹಾ ಕುಡಿದ ಅಂಗಡಿಯ ಗಲ್ಲೆಯ ಹಿಂದೆ ಲಕ್ಷ್ಮಿ ಫೋಟೋ, ಅದರ ಪಕ್ಕ ಸಮವಸ್ತ್ರದ ಹುಡುಗನ ಫೋಟೋ. “ನಮ್ಮ ಸಣ್ಣಾಂವ. ಈಗ ಲೇಹ್‌ದಾಗ ಅದಾನ್ರಿ” ಅಂದರು ಅಂಗಡಿಯವರು. ಗಿರ್ಮಿಟ್ ಜೊತೆ ಒಂದು ಮಿರ್ಚಿ ಜಾಸ್ತಿಯೇ ಹಾಕಿಕೊಟ್ಟರು.

ಸವದತ್ತಿ ದಾರಿ ಹಿಡಿದಾಗ ಕತ್ತಲು. ಬೈಲಹೊಂಗಲದಿಂದ ಸವದತ್ತಿ ಪೂರ್ವಕ್ಕೆ. ಶುಕ್ರ ಆಗ ಪಶ್ಚಿಮದಲ್ಲಿ, ಸಂಜೆಯ ಚುಕ್ಕಿ. ಹಾಗಾಗಿ ಇಡೀ ದಾರಿ ಅದು ಕಾರಿನ ಕನ್ನಡಿಯಲ್ಲೇ ಇತ್ತು. ರಸ್ತೆ ತಿರುಗಿದರೆ ಎಡಗಡೆ ಕನ್ನಡಿಗೆ ಹೋಗುತ್ತೆ, ಮತ್ತೆ ತಿರುಗಿದರೆ ಒಳಗಿನ ಕನ್ನಡಿಗೆ ಬರುತ್ತೆ. ನಾವು ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸುತ್ತೆ, ನಿಲ್ಲಿಸಿದರೆ ನಿಲ್ಲುತ್ತೆ. ಗ್ರಹ ಅಂತ ಗೊತ್ತಿದ್ದ ನನಗೇ ಒಂದೆರಡು ಸಲ ತಿರುಗಿ ನೋಡಬೇಕು ಅನ್ನಿಸಿತು. ಕಾರಣ ಏನೂ ನಿಗೂಢ ಅಲ್ಲ. ಹತ್ತಿರದ ಮರ ಹಿಂದಕ್ಕೆ ಓಡುತ್ತೆ, ದೂರದ ಗುಡ್ಡ ನಿಧಾನಕ್ಕೆ ಸರಿಯುತ್ತೆ. ಕೋಟಿಗಟ್ಟಲೆ ಕಿಲೋಮೀಟರ್ ಆಚೆಯದ್ದು ಸರಿಯೋದೇ ಇಲ್ಲ. ಸರಿಯದೇ ಇರೋದನ್ನು ನಮ್ಮ ಮಿದುಳು ‘ಜೊತೆಗೇ ಬರ್ತಿದೆ’ ಅಂತ ಓದಿಕೊಳ್ಳುತ್ತೆ.

ಈ ದಾರಿಯಲ್ಲಿ ನಿಜವಾಗಿ ಹಾರುವ ತಟ್ಟೆ ಅನ್ನಿಸುವಂಥದ್ದು ಕಂಡದ್ದು ಬೇರೆ. ದೂರದಲ್ಲಿ ನೀಲಿ, ಹಸಿರು, ಕೆಂಪು ದೀಪಗಳ ಒಂದು ಗುಂಪು ತೇಲಿಕೊಂಡು ಬಂತು. ಹಿಂದೆಯೇ ನೆಲ ನಡುಗಿಸೋ ಡಿಜೆ ಹಾಡು. ಕಬ್ಬಿನ ಟ್ರ್ಯಾಕ್ಟರ್! ಜನವರಿ ಅಂದರೆ ಕಾರ್ಖಾನೆಗಳಿಗೆ ಕಬ್ಬು ಹೋಗೋ ಕಾಲ. ಎರಡೆರಡು ಟ್ರೇಲರ್, ಮೈತುಂಬ ಎಲ್‌ಇಡಿ. ಅವಕ್ಕೆ ಹಿಂದುಗಡೆ ಒಂದು ಕೆಂಪು ರಿಫ್ಲೆಕ್ಟರ್ ಹಚ್ಚಿದ್ದರೆ ನಮ್ಮ ಜೀವಕ್ಕೆ ಇನ್ನಷ್ಟು ಒಳ್ಳೆಯದಿತ್ತು ಅನ್ನೋದು ಬೇರೆ ಮಾತು.

ಒಂದು ಕಡೆ ಗಾಡಿ ನಿಲ್ಲಿಸಿ, ಲೈಟ್ ಆರಿಸಿ, ಜೋಳದ ಹೊಲದ ಬದುವಿನ ಮೇಲೆ ನಿಂತೆವು. ಶುಕ್ರನನ್ನೇ ಕಣ್ಣು ಮಿಟುಕಿಸದೆ ನೋಡು ಅಂದೆ ಗೆಳೆಯನಿಗೆ. ಅರ್ಧ ನಿಮಿಷಕ್ಕೆ “ಏ, ಅಲುಗಾಡಾಕತ್ತೈತಿ” ಅಂದ. ಕಪ್ಪು ಹಿನ್ನೆಲೆಯಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ಯಾರಿಗೂ ಹಾಗೇ ಅನ್ನಿಸುತ್ತೆ. ಪಕ್ಕದಲ್ಲಿ ಅಳತೆಗೆ ಏನೂ ಇಲ್ಲದಾಗ, ಕಣ್ಣಿನ ಸಣ್ಣಸಣ್ಣ ಅಲುಗಾಟವನ್ನು ಮಿದುಳು ಬೆಳಕಿನ ಅಲುಗಾಟ ಅಂತ ತಿಳಿಯುತ್ತೆ. ಕರೆಂಟ್ ಕಂಬದ ಪಕ್ಕಕ್ಕೆ ಸರಿದು, ಕಂಬದ ಅಂಚಿಗೆ ಶುಕ್ರನನ್ನು ಹೊಂದಿಸಿ ನೋಡು ಅಂದೆ. “ನಿಂತೈತಿ” ಅಂದ.

ಈಗ ಲಡಾಖ್ ಕತೆ.

ಪ್ಯಾಂಗಾಂಗ್ ಸರೋವರ ನಿಮಗೆ ಗೊತ್ತಿರುತ್ತೆ, ‘3 ಈಡಿಯಟ್ಸ್’ ಸಿನಿಮಾದ ಕೊನೆಯ ದೃಶ್ಯ. ಸುಮಾರು 4,200 ಮೀಟರ್ ಎತ್ತರ, ನೂರು ಕಿಲೋಮೀಟರಿಗೂ ಉದ್ದದ ನೀರು. ಪಶ್ಚಿಮದ ತುದಿ ನಮ್ಮ ಕಡೆ, ಪೂರ್ವದ ಬಹುಭಾಗ ಚೀನಾ ಹಿಡಿತದಲ್ಲಿ. 2012ರ ಆಗಸ್ಟ್‌ನಿಂದ ಆ ಭಾಗದ ಸೈನಿಕರು ಮತ್ತು ಐಟಿಬಿಪಿ ಜವಾನರು ರಾತ್ರಿ ಹೊತ್ತು ಹಳದಿ ಬೆಳಕಿನ ಉಂಡೆಗಳನ್ನು ಕಾಣತೊಡಗಿದರು. ಚೀನಾ ಕಡೆಯ ದಿಗಂತದಿಂದ ಏಳುತ್ತವೆ, ಗಂಟೆಗಟ್ಟಲೆ ನಿಧಾನ ಸರಿಯುತ್ತವೆ, ಆಮೇಲೆ ಕಾಣೆ. ಒಂದು ದಿನ ಅಲ್ಲ, ಮತ್ತೆ ಮತ್ತೆ. ವರದಿಗಳು ಲೇಹ್‌ನ 14ನೇ ಕೋರ್‌ನಿಂದ ದೆಹಲಿಯ ಸೇನಾ ಕೇಂದ್ರ ಕಚೇರಿಯವರೆಗೆ ಹೋದವು.

ಸೈನ್ಯ ಅದನ್ನು ಗಾಳಿಮಾತು ಅಂತ ಬಿಡಲಿಲ್ಲ. ಸರೋವರದ ಹತ್ತಿರದ ಗುಡ್ಡಕ್ಕೆ ಸಾಗಿಸಬಹುದಾದ ರೇಡಾರ್ ತಂದರು, ರೇಡಿಯೊ ಸಂಕೇತ ಹಿಡಿಯೋ ಸ್ಪೆಕ್ಟ್ರಮ್ ಅನಲೈಸರ್ ತಂದರು. ಕಣ್ಣಿಗೆ ಕಾಣ್ತಿದ್ದದ್ದು ರೇಡಾರಿಗೆ ಕಾಣಲಿಲ್ಲ. ಸಂಕೇತವೂ ಇಲ್ಲ. ತಮ್ಮದೇ ಡ್ರೋನ್ ಒಂದನ್ನು ಅದರ ಕಡೆಗೆ ಹಾರಿಸಿದರಂತೆ. ಅದು ತನ್ನ ಎತ್ತರದ ಮಿತಿ ಮುಟ್ಟಿತು, ಬೆಳಕು ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಾನ್ಲೆ ವೀಕ್ಷಣಾಲಯದ ಖಗೋಳ ತಜ್ಞರು ಮೂರು ದಿನ ಬಂದು ನೋಡಿದರು. ಅವರಿಗೂ ಆಗ ಖಚಿತವಾಗಿ ಹೇಳಲಾಗಲಿಲ್ಲ, ಇವು ಗ್ರಹ ಉಲ್ಕೆಗಳಲ್ಲ ಅನ್ನೋ ಕಡೆಗೇ ಅವರ ಒಲವಿತ್ತು ಅಂತ ಆಗಿನ ಪತ್ರಿಕಾ ವರದಿಗಳು ಹೇಳಿದವು. ವರ್ಷದ ಕೊನೆ ಹೊತ್ತಿಗೆ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಹೇಳಿದ್ದು, ಇಂಥ ವಸ್ತುಗಳ ಬಗ್ಗೆ ನಿರ್ಣಾಯಕ ಪುರಾವೆ ಇಲ್ಲ ಅಂತ.

2013ರ ಫೆಬ್ರುವರಿ ಹೊತ್ತಿಗೆ ದಾಖಲಾದ ನೋಟಗಳು 329. ಅದರಲ್ಲಿ 155 ಸಲ ಎಲ್‌ಎಸಿ ದಾಟಿ ನಮ್ಮ ಕಡೆ ಬಂದಿವೆ ಅಂತ ಲೆಕ್ಕ. ಅಷ್ಟೂ ನಿಜವಾಗಿ ಚೀನಾದ ಡ್ರೋನ್ ಆಗಿದ್ದರೆ? ಅದೇ ವರ್ಷ ಏಪ್ರಿಲ್ 15ರಿಂದ ಸುಮಾರು ಮೂರು ವಾರ, ಲಡಾಖ್‌ನದೇ ಉತ್ತರ ಭಾಗದ ದೆಪ್ಸಾಂಗ್‌ನಲ್ಲಿ ಎರಡೂ ಸೈನ್ಯಗಳು ಡೇರೆ ಹಾಕಿ ಎದುರುಬದುರು ಕೂತಿದ್ದವು. ಯಾರೋ ಒಬ್ಬ ಅಧಿಕಾರಿ ‘ಇನ್ನು ಸಾಕು, ಹೊಡೆದು ಬೀಳಿಸಿ’ ಅಂದುಬಿಡೋದಕ್ಕೆ ಎಲ್ಲ ಕಾರಣಗಳೂ ಇದ್ದ ಕಾಲ ಅದು.

ಸೈನ್ಯ ಕೊನೆಗೆ ಕೇಳಿದ್ದು ಬೆಂಗಳೂರನ್ನು. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್, ಐಐಎ. ನೀವು ಫೋರಂ ಮಾಲ್‌ಗೆ ಹೋಗುವಾಗ ಎಷ್ಟೋ ಸಲ ಹಾಯ್ದುಹೋಗಿರುವ ಪ್ರದೇಶ. ಹಾನ್ಲೆಯ ವೀಕ್ಷಣಾಲಯ ಇವರದ್ದೇ. ಅಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕ್ಯಾಂಪಸ್‌ನಲ್ಲಿ ಕೂತೇ, ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಐಐಎಯ ತುಷಾರ್ ಪ್ರಭು ಆಮೇಲೆ ಪತ್ರಿಕೆಗೆ ಹೇಳಿದ ಪ್ರಕಾರ ಅವರಿಗೆ ಕೊಟ್ಟ ಕೆಲಸ ಒಂದೇ: ಇವು ಆಕಾಶಕ್ಕೆ ಸೇರಿದವೋ ಭೂಮಿಗೆ ಸೇರಿದವೋ ಹೇಳಿ.

ವಿಧಾನ ಸರಳ. ಬೆಳಕು ಎಲ್ಲಿದೆ ಅಂತ ಗುಡ್ಡಕ್ಕೆ ಹೋಲಿಸಿ ನೋಡೋದಲ್ಲ, ಅದರ ಹಿಂದಿನ ನಕ್ಷತ್ರಗಳಿಗೆ ಹೋಲಿಸಿ ನೋಡೋದು. ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ, ಪ್ರತಿ ರಾತ್ರಿ ನಾಲ್ಕು ನಿಮಿಷ ಮೊದಲೇ ಮೂಡುತ್ತವೆ. ಒಂದು ಬೆಳಕು ರಾತ್ರಿಯಿಡೀ ಅದೇ ನಕ್ಷತ್ರಗಳ ಜೊತೆಯಲ್ಲೇ ಸಾಗಿದರೆ, ಅದನ್ನು ಯಾವ ಪೈಲಟ್ಟೂ ನಡೆಸ್ತಿಲ್ಲ. 2013ರ ಜುಲೈನಲ್ಲಿ ಸುದ್ದಿ ಬಂತು: ಒಂದು ಗುರು, ಇನ್ನೊಂದು ಶುಕ್ರ.

ನಾನು ಆ ವರ್ಷದ ಆಕಾಶವನ್ನು ಫೋನಿನ ಆ್ಯಪ್‌ನಲ್ಲಿ ಹಿಂದಕ್ಕೆ ಓಡಿಸಿ ನೋಡಿದೆ. 2012ರ ಆಗಸ್ಟ್‌ನಲ್ಲಿ ಶುಕ್ರ ನಸುಕಿನ ಚುಕ್ಕಿ, ಪೂರ್ವದಲ್ಲಿ. ಗುರು ಡಿಸೆಂಬರ್ 3ಕ್ಕೆ ಸೂರ್ಯನಿಗೆ ನೇರ ಎದುರು. ಅಂದರೆ ಆ ದಿನಗಳಲ್ಲಿ ಮುಸ್ಸಂಜೆಗೆ ಪೂರ್ವದಲ್ಲಿ ಮೂಡಿ ರಾತ್ರಿಯಿಡೀ ಹೊಳೆಯುತ್ತಿತ್ತು. ಎರಡೂ ಮೂಡಿದ್ದು ಪೂರ್ವದಲ್ಲಿ. ಪ್ಯಾಂಗಾಂಗ್ ದಂಡೆಯಲ್ಲಿ ನಿಂತ ಜವಾನನಿಗೆ ಪೂರ್ವ ಅಂದರೆ ಚೀನಾ. ಅಲ್ಲಿಂದ ಮೇಲೆದ್ದು ಪಶ್ಚಿಮಕ್ಕೆ ಸರಿಯೋದು ಅಂದರೆ ಗಡಿ ದಾಟಿ ನಮ್ಮ ಕಡೆ ಬಂದ ಹಾಗೇ ಕಾಣುತ್ತೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ಧೂಳಿಲ್ಲ. ನಮ್ಮೂರಲ್ಲಿ ದಿಗಂತದ ಹತ್ತಿರ ಮಂಕಾಗುವ ಗ್ರಹ ಅಲ್ಲಿ ಮೂಡುವಾಗಲೇ ಉರಿಯುತ್ತೆ.

ಸವದತ್ತಿ ಬಂತು. ಎಲ್ಲಮ್ಮನ ಗುಡ್ಡದ ಮೇಲೆ ಸಾಲು ದೀಪ. ಬನದ ಹುಣ್ಣಿಮೆ ಮುಗಿದಿತ್ತು, ಭಾರತ ಹುಣ್ಣಿಮೆ ಇನ್ನೂ ಮುಂದಿತ್ತು. ಎರಡು ಜಾತ್ರೆಗಳ ನಡುವಿನ ಬಿಡುವು. ಆದರೂ ಟ್ರ್ಯಾಕ್ಟರ್ ತುಂಬ ಜನ ‘ಉಧೋ ಉಧೋ’ ಅನ್ನುತ್ತ ಗುಡ್ಡಕ್ಕೆ ಹೊರಟಿದ್ದರು. ನಾವು ಮೊದಲು ಹೋದದ್ದು ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನ ದಂಡೆಗೆ. ಮಲಪ್ರಭೆ ಇಲ್ಲಿ ರೇಣುಕಾ ಸಾಗರ. ಗಾಳಿ ಬಿದ್ದಿತ್ತು. ಪಶ್ಚಿಮಕ್ಕೆ ಮುಖ ಮಾಡಿದರೆ ಶುಕ್ರ ನೀರಿನ ಮೇಲೆ ಬೆಳ್ಳಿಯ ಒಂದು ತೆಳು ಗೆರೆ ಎಳೆದಿತ್ತು. ಚಂದ್ರ ಎಳೆಯೋದನ್ನು ನೋಡಿದ್ದೆ, ಗ್ರಹವೊಂದು ಎಳೆಯೋದನ್ನು ನೋಡಿದ್ದು ಅದೇ ಮೊದಲು. ನೀರಿನ ಮೇಲೆ ಎರಡು ಬೆಳಕು, ಒಂದು ಮೇಲೆ, ಒಂದು ಕೆಳಗೆ ನಡುಗುತ್ತ. ಇದನ್ನೇ ಮೈನಸ್ ಇಪ್ಪತ್ತರ ಚಳಿಯಲ್ಲಿ, ಎದುರುಗಡೆ ದಂಡೆ ಶತ್ರುವಿನದ್ದು ಅಂತ ಗೊತ್ತಿದ್ದು, ಕೈಯಲ್ಲಿ ಬಂದೂಕು ಹಿಡಿದು ನೋಡಿದರೆ ಹೇಗಿರುತ್ತೆ ಅಂತ ಯೋಚಿಸಿದೆ. ಗೆಳೆಯ ಮಾತಾಡಲಿಲ್ಲ. ಒಂಬತ್ತೂವರೆ ಸುಮಾರಿಗೆ ಶುಕ್ರ ಕೆಂಪಗಾಗಿ ಮುಳುಗಿತು.

ರಾಮದುರ್ಗಕ್ಕೆ ಹೋಗುವಷ್ಟರಲ್ಲಿ ರಾತ್ರಿ ಹನ್ನೊಂದರ ಸಮೀಪ. ಒಂದು ಕಾಲಕ್ಕೆ ಸಣ್ಣ ಸಂಸ್ಥಾನ, ಈಗ ಮಲಪ್ರಭೆ ದಂಡೆಯ ನೇಕಾರರ ಊರು. ಅಷ್ಟೊತ್ತಿಗೂ ಎಲ್ಲೋ ಒಂದು ಮಗ್ಗ ಸದ್ದು ಮಾಡುತ್ತಿತ್ತು. ಕಾಕಾ ಎದ್ದೇ ಇದ್ದರು. ಕಾಕು ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಮುಚ್ಚಿಟ್ಟಿದ್ದರು. ಉಂಡು ಮಾಳಿಗೆ ಹತ್ತಿದೆವು. ಗುರು ನೆತ್ತಿಯಿಂದ ಪಶ್ಚಿಮಕ್ಕೆ ವಾಲಿತ್ತು, ಮಂಗಳ ನೆತ್ತಿಯ ಹತ್ತಿರ ಕೆಂಡದ ಹಾಗೆ.

ನಾನೇ ಮಾತು ತೆಗೆದೆ. “ಕಾಕಾ, ಆ ಬೆಳ್ಳಿಚುಕ್ಕಿ ನೋಡಿ ಚೀನಾ ಡ್ರೋನ್ ಅಂದಿದ್ದು ಕೇಳಿದ್ರಾ?” ನನ್ನ ದನಿಯಲ್ಲಿ ನಗು ಇದ್ದಿರಬೇಕು. ಆ ಸುದ್ದಿ ಬಂದಾಗ ಇಡೀ ದೇಶ ನಕ್ಕಿತ್ತು, ವಿದೇಶಿ ಪತ್ರಿಕೆಗಳೂ ನಕ್ಕಿದ್ದವು.

ಕಾಕಾ ನಗಲಿಲ್ಲ.

“ನಗೋರಿಗೇನೋ ತಮ್ಮಾ, ಬೆಚ್ಚಗ ಕುಂತು ನಗ್ತಾರ. ಅಲ್ಲಿ ರಾತ್ರಿ ಡ್ಯೂಟಿ ಮಾಡಿದಾಂವಗ ಗೊತ್ತು. ಮೂಗಿನಾಗಿನ ಉಸಿರು ಮೀಸಿಗೆ ಬರ್ಫ್ ಆಗತೈತಿ. ಏನರ ಕಂಡ್ರ ಬರೀಬೇಕು. ಎಷ್ಟೊತ್ತಿಗೆ ಕಂಡಿತು, ಯಾವ ದಿಕ್ಕು, ಎಷ್ಟೊತ್ತು ಇತ್ತು. ಅದು ಏನು ಅಂತ ಹೇಳೂದು ಅವನ ಕೆಲಸ ಅಲ್ಲ. ಕಂಡಿದ್ದು ಹೇಳೂದು ಅವನ ಕೆಲಸ.”

“ಆದ್ರ ಬೆಳ್ಳಿಚುಕ್ಕಿ ಗೊತ್ತಾಗಲಿಲ್ಲಂದ್ರ...” ಅಂದ ಗೆಳೆಯ.

“ನಮ್ಮ ಅಪ್ಪಗ ಬೆಳ್ಳಿ ಮೂಡಿತು ಅಂದ್ರ ಎತ್ತು ಹೂಡೂ ಹೊತ್ತು. ನನಗೂ ಸಣ್ಣಾಂವ ಇದ್ದಾಗಿಂದ ಗೊತ್ತು. ಅಲ್ಲಿ ಒಂದ್ಸಲ ಅದ ಬೆಳ್ಳಿ ದುಶ್ಮನ್ ಗುಡ್ಡದ ಮ್ಯಾಲಿಂದ ಎದ್ದು ಬಂತು ನೋಡು. ಒಂದು ಕ್ಷಣ ಗುರುತ ಹತ್ತಲಿಲ್ಲ. ಸೇಫ್ಟಿ ಮ್ಯಾಲೆ ಬೆರಳು ಹೋಗಿತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಗ್ತಾರಂತ ಬರೀದೆ ಬಿಟ್ರ? 329 ಸಲ ಬರದ್ರಲ್ಲ, ಅದಕ್ಕ ಆ ಬೆಂಗಳೂರಿನವ್ರಿಗೆ ಲೆಕ್ಕ ಹಾಕಾಕ ಬಂತು” ಅಂದರು.

ನನಗೆ ಅಲ್ಲಿಯವರೆಗೆ ಹಾಗೆ ಹೊಳೆದಿರಲಿಲ್ಲ. ಸುದ್ದಿಯಲ್ಲಿ ಜವಾನರು ಏಮಾರಿದವರು, ವಿಜ್ಞಾನಿಗಳು ಬುದ್ಧಿವಂತರು. ಆದರೆ ವೇಳೆ, ದಿಕ್ಕು ಬರೆದಿಟ್ಟ ಆರು ತಿಂಗಳ ದಾಖಲೆ ಇಲ್ಲದಿದ್ದರೆ ಪ್ರಶ್ನೆ ಬೆಂಗಳೂರಿಗೆ ಬರ್ತಲೇ ಇರಲಿಲ್ಲ. ಮೂರು ದಿನ ನೋಡಿದ ತಜ್ಞರಿಗೂ ಮೊದಲ ಸಲ ಖಚಿತ ಆಗಿರಲಿಲ್ಲ ಅನ್ನೋದನ್ನೂ ಮರೀಬಾರದು. ಇನ್ನೊಂದು ಮಾತು: ಗುಂಡು ಹಾರಿಸೋ ಬದಲು ಸೈನ್ಯ ಮೊದಲು ರೇಡಾರ್ ತಂತು, ಆಮೇಲೆ ಖಗೋಳ ತಜ್ಞರನ್ನು ಕರೆಸಿತು. ಯಾರೂ ಇದನ್ನು ಹೆಡ್‌ಲೈನ್ ಮಾಡಲಿಲ್ಲ.

ಹಾಗಂತ ಕಾಣುವ ಬೆಳಕೆಲ್ಲ ಗ್ರಹವೂ ಅಲ್ಲ. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಏನೋ ಹಾರಾಡ್ತಿದೆ ಅಂತ ಕೆಲ ಗಂಟೆ ವಿಮಾನ ಸಂಚಾರ ನಿಲ್ಲಿಸಿದರು, ವಾಯುಪಡೆ ರಫೇಲ್ ಕಳಿಸಿ ಹುಡುಕಿಸಿತು. ಏನೂ ಸಿಗಲಿಲ್ಲ. ಅದು ಹಾಡಹಗಲು, ಶುಕ್ರನ ಮೇಲೆ ಹಾಕೋ ಹಾಗಿಲ್ಲ.

ಮಾಳಿಗೆಯ ನೀರಿನ ಟ್ಯಾಂಕಿನ ಅಂಚಿಗೆ ಮಂಗಳನನ್ನು ಹೊಂದಿಸಿ ನಿಲ್ಲೋದನ್ನು ಕಾಕಾ ತೋರಿಸಿದರು. ತಲೆ ಗೋಡೆಗೆ ಒತ್ತಿ, ಒಂದೇ ಕಣ್ಣು ತೆರೆದು. ಎರಡು ನಿಮಿಷಕ್ಕೆ ಚಂದ್ರನ ಅಗಲದಷ್ಟು ಸರಿದು ಮಂಗಳ ಅಂಚಿನ ಹಿಂದೆ ಹೋಯಿತು. ಪಕ್ಕದ ಪೊಲಕ್ಸ್ ನಕ್ಷತ್ರವೂ ಅದೇ ವೇಗದಲ್ಲಿ. ಮಿನುಗುತ್ತ ಬಂದ ಇನ್ನೊಂದು ಬೆಳಕು ನಕ್ಷತ್ರಗಳನ್ನು ಅಡ್ಡ ದಾಟಿ ಅರ್ಧ ನಿಮಿಷದಲ್ಲಿ ಮಾಯ. “ಇಮಾನ” ಅಂದರು ಕಾಕಾ, ಕಣ್ಣೆತ್ತದೆ.

ಹೋಗುವವರಿಗೆ ಒಂದಿಷ್ಟು ಮಾಹಿತಿ. ಕಿತ್ತೂರು ಧಾರವಾಡ–ಬೆಳಗಾವಿ ಹೆದ್ದಾರಿಯ ಪಕ್ಕದಲ್ಲೇ. ಅಲ್ಲಿಂದ ಮುಂದೆ ವಾಯವ್ಯ ಸಾರಿಗೆ ಬಸ್ಸುಗಳಿವೆ, ಆದರೆ ರಾತ್ರಿ ಆಕಾಶ ನೋಡಬೇಕಂದರೆ ಸ್ವಂತ ಗಾಡಿ ಬೇಕು. ಸವದತ್ತಿ, ರಾಮದುರ್ಗಕ್ಕೆ ರೈಲು ಇನ್ನೂ ಕನಸೇ. ಅಮಾವಾಸ್ಯೆಯ ಆಚೀಚೆ ನಾಲ್ಕು ದಿನ ನೋಡಿಕೊಳ್ಳಿ. ಎಲ್ಲಮ್ಮನ ಹುಣ್ಣಿಮೆ ಜಾತ್ರೆಗಳಿಗೆ ಹೋದರೆ ದೇವಿ ಸಿಗ್ತಾಳೆ, ಚುಕ್ಕಿ ಸಿಗಲ್ಲ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷ ಬೇಕು. ನಡುವೆ ಒಮ್ಮೆ ಫೋನ್ ತೆಗೆದರೆ ಮತ್ತೆ ಮೊದಲಿಂದ. ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಬಗ್ಗೆ ಹುಷಾರು.

ಶುಕ್ರ ಆಗ ದಿನೇದಿನೇ ಪಶ್ಚಿಮದಲ್ಲಿ ಕೆಳಗಿಳಿಯಲು ಶುರುಮಾಡಿತ್ತು. 2025ರ ಮಾರ್ಚ್ ಕೊನೆ ಹೊತ್ತಿಗೆ ಸೂರ್ಯನ ಮುಂದೆ ಹಾಯ್ದು, ಏಪ್ರಿಲ್‌ನಲ್ಲಿ ನಸುಕಿಗೆ ಪೂರ್ವದಲ್ಲಿ ಬರೋದಿತ್ತು. ಬೆಳಿಗ್ಗೆ ಹೊರಡುವಾಗ ಕಾಕಾ ಹೇಳಿದರು: “ಆವಾಗ ಬರ್ರಿ. ಶಬರಿಕೊಳ್ಳಕ್ಕ ಹೋಗೂಣು. ನಾಕಕ್ಕ ಏಳಬೇಕು, ಮತ್ತ ಹೇಳಿಲ್ಲ ಅನಬ್ಯಾಡ್ರಿ.”